ಅಪ್‌ಡೇಟ್ ಮಾಡದ ಅಡಿವೆಪ್ಪ

ಹೊಳೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಹಾಲಪ್ಪಜ್ಜ ಗುರು, ಅಡಿವೆಪ್ಪ ಶಿಷ್ಯ. ಅಜ್ಜನಿಗೆ ನಗು ಜಾಸ್ತಿ, ಅಡಿವೆಪ್ಪನಿಗೆ ಭಕ್ತಿ ಜಾಸ್ತಿ. ಇಬ್ಬರ ನಡುವೆ ಒಂದು ಕಂಪ್ಯೂಟರ್.

ಕಂಪ್ಯೂಟರ್ ಹಳೆಯದು, ಭಕ್ತರೊಬ್ಬರು ಕೊಟ್ಟಿದ್ದು. ಅಜ್ಜ ಕಾವಿ ಉಡುವ ಮೊದಲು ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರಾಗಿದ್ದವರು. ತಾವೇ ಕೂತು ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದರು. ಮುಗಿದ ಮೇಲೆ ಅಡಿವೆಪ್ಪನನ್ನು ಕರೆದರು.

"ಇದು ಇನ್ನ ನಿನ್ನ ಸೇವಾ."

ಆ ಆಶ್ರಮದಲ್ಲಿ ಒಂದು ಪದ್ಧತಿ. ಯಾರಿಗೆ ಯಾವ ಸೇವೆ ಕೊಟ್ಟರೋ ಅದು ಅವರದೇ, ಗುರು ಅದಕ್ಕೆ ಕೈ ಹಾಕುವುದಿಲ್ಲ. ಅಡುಗೆ ಸೇವೆಯವರ ಸಾರಿಗೆ ಉಪ್ಪು ಕಡಿಮೆಯಾದರೂ ಅಜ್ಜ ಒಂದು ಹರಳು ಹಾಕಿಕೊಳ್ಳದೆ ಸಪ್ಪಗೇ ಉಣ್ಣುತ್ತಿದ್ದರು.

ಅಡಿವೆಪ್ಪ ಕಂಪ್ಯೂಟರಿಗೆ ವಿಭೂತಿ ಹಚ್ಚಿದ. ದಿನಾ ಬೆಳಿಗ್ಗೆ ಒರೆಸಿ, ಚೆಂಡು ಹೂ ಇಟ್ಟು, ಕೈಮುಗಿದು ಸ್ವಿಚ್ ಒತ್ತುತ್ತಿದ್ದ.

ಪರದೆ ಬೆಳಗಿದ ಕೂಡಲೇ ಮೂಲೆಯಲ್ಲಿ ಒಂದು ಮಾತು ಮೂಡುತ್ತಿತ್ತು. ಅಪ್‌ಡೇಟ್ ನೋಡಿ ಬಹಳ ದಿನವಾಯಿತು, ನೋಡಿ ಹಾಕಲೇ?

ಅಡಿವೆಪ್ಪ "ಆಮೇಲೆ" ಎಂಬುದನ್ನು ಒತ್ತುತ್ತಿದ್ದ. ಮರುದಿನ ಅದು ಮತ್ತೆ ಕೇಳುತ್ತಿತ್ತು. ಮತ್ತೆ ಆಮೇಲೆ. ಕೇಳಿ ಕೇಳಿ ಅದಕ್ಕೂ ಬೇಸರ ಬರಲಿಲ್ಲ, ಒತ್ತಿ ಒತ್ತಿ ಇವನಿಗೂ ಬೇಸರ ಬರಲಿಲ್ಲ.

ಆಶ್ರಮದಲ್ಲಿ ಪ್ರತಿ ಅಮಾವಾಸ್ಯೆ ಸಂಜೆ ಭಜನೆ. ಅದು ಶುರುವಾಗುವುದು ನಿಂಬೆವ್ವನ ಪದದಿಂದ. ಆಕೆ ಮೊದಲ ಸಾಲು ಎತ್ತಬೇಕು, ಉಳಿದವರು ಹಿಂದೆ ಹಾಡಬೇಕು. ಅಜ್ಜ ಇಲ್ಲಿಗೆ ಬರುವ ಮೊದಲಿನಿಂದಲೂ ಹಾಗೇ.

ಆ ನಿಂಬೆವ್ವ ಹೊಳೆಯ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಳು. ಸೊಲ್ಲಾಪುರದಿಂದ ಮಗಳು ಬಂದು ತನ್ನ ಮನೆಗೆ ಕರೆದೊಯ್ದಳು.

ಮುಂದಿನ ಅಮಾವಾಸ್ಯೆಗೆ ಆಕೆಯಿಲ್ಲ. ತಾಳ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಆ ಸಾಲು ಎತ್ತಲು ಬಾಯಿ ಬರಲಿಲ್ಲ. ಪ್ರಸಾದ ತಿಂದು ಎದ್ದು ಹೋದರು.

ಹೊಳೆಯ ತಗ್ಗಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಅಜ್ಜ ದಿಬ್ಬ ಹತ್ತಿ ನಿಂತು ಮಗಳಿಗೆ ಫೋನ್ ಮಾಡಿದರು.

"ಅವ್ವ ಸರಿಯಾಗಿ ಉಣ್ಣವಲ್ಲಳ್ರಿ ಅಜ್ಜಾರ. ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾಳ. ನನ್ನ ಪದಾ ಮುಗೀತು ಅಂತಾಳ."

"ಬರೂ ಅಮಾಸಿಗೆ ಆಕಿ ಇಲ್ಲೆ ಹಾಡ್ತಾಳಂತ ಹೇಳವ್ವಾ."

"ಕಾಲು ಇನ್ನೂ ಕೂಡಿಲ್ರಿ."

"ಆಕಿ ಕಾಲಿಲೆ ಹಾಡ್ತಾಳೇನು?"

ಇಳಿದು ಬಂದವರೇ ಬ್ರಾಡ್‌ಬ್ಯಾಂಡಿಗೆ ಹೇಳಿ ಕಳಿಸಿದರು. ಕಂಬದಿಂದ ಕಂಬಕ್ಕೆ ಹಾರಿಕೊಂಡು ಕೇಬಲ್ ಬಂತು. ಕೇಬಲ್ಲಿನವನು ಒಂದು ಬಿಳಿಯ ವೈಫೈ ಡಬ್ಬಿ ಜೋಡಿಸಿ, ದೀಪ ಹತ್ತಿದ್ದು ತೋರಿಸಿ, ಚಹಾ ಕುಡಿದು ಹೋದ.

ಅವನು ಹೋದ ಮೇಲೆ ಅಡಿವೆಪ್ಪ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ದೂರದ ದನಿ ತರೂ ವಸ್ತು ಅಜ್ಜಾರ. ಕಂಡಕಂಡಲ್ಲೆ ಇಡಬಾರದು."

ಪಡಸಾಲೆಯ ಆಚೆ ಹಿಂದಿನ ಗುರುಗಳ ಗದ್ದುಗೆ, ದಪ್ಪ ಕಲ್ಲಿನ ಗುಡಿ. ಅಡಿವೆಪ್ಪ ಉಳಿದ ಕೇಬಲ್ ಎಳೆದುಕೊಂಡು ಅಲ್ಲಿಗೆ ಹೋದ. ಡಬ್ಬಿಯನ್ನು ಹಿತ್ತಾಳೆಯ ಪ್ರಭಾವಳಿ ಹಿಂದೆ ಇಟ್ಟು, ರೇಷ್ಮೆ ವಸ್ತ್ರ ಹೊದಿಸಿ, ಹೂ ಏರಿಸಿ, ಬಾಗಿಲು ಹಾಕಿಕೊಂಡು ಬಂದ.

ಅಜ್ಜ ನೋಡಿ ಮೀಸೆಯಲ್ಲೇ ನಕ್ಕರು. ಸೇವೆ ಅವನದು.

ಅಮಾವಾಸ್ಯೆ ಹತ್ತಿರ ಬಂತು. ವಿಡಿಯೋದಲ್ಲಿ ಮಾತಾಡಲು ಮಗಳು ಲಿಂಕ್ ಕಳಿಸಿದ್ದಳು. ಅಡಿವೆಪ್ಪ ಒತ್ತಿ ನೋಡಿದ. ಬಹಳ ಹೊತ್ತು ಚಕ್ರ ತಿರುಗಿತು. ಕೊನೆಗೆ ಉತ್ತರ ಬಂತು: ನಿಮ್ಮ ಬ್ರೌಸರ್ ತುಂಬ ಹಳೆಯದು, ಅಪ್‌ಡೇಟ್ ಮಾಡಿ ಬನ್ನಿ.

"ಮಾಡು ಮತ್ತ" ಎಂದರು ಅಜ್ಜ.

"ಅದೊಂದು ಹೇಳಬ್ಯಾಡ್ರಿ."

"ಯಾಕೋ?"

"ಇದು ನೀವು ಕೈಯಾರೆ ಹಾಕಿಕೊಟ್ಟದ್ದು. ಹೆಂಗ ಕೊಟ್ಟಿದ್ರಿ ಹಂಗ ಇಟ್ಟೀನ್ರಿ. ಒಂದಕ್ಷರ ಬದಲಾಗಾಕ ಬಿಟ್ಟಿಲ್ಲ. ಗುರು ಕೊಟ್ಟದ್ದನ್ನ ತಗದು ಬ್ಯಾರೇದು ಹಾಕಿದ್ರ ದ್ರೋಹ ಆಗೂದಿಲ್ಲೇನ್ರಿ?"

ಹೇಳುವಾಗ ಅವನ ಕಣ್ಣು ತುಂಬಿತ್ತು. ಅಷ್ಟು ದಿನ ಒತ್ತಿದ ಒಂದೊಂದು "ಆಮೇಲೆ"ಯೂ ಅವನ ಪಾಲಿಗೆ ಒಂದೊಂದು ನಮಸ್ಕಾರವಾಗಿತ್ತು.

ಅಜ್ಜ ಅವನನ್ನೇ ನೋಡಿದರು. ಎದ್ದು ಹೋಗಿ ಕಸಬರಿಗೆ ತಂದರು. ಬೇವಿನ ಮರದ ಕೆಳಗಿನ ಅಂಗಳವನ್ನೆಲ್ಲ ಚೊಕ್ಕಟವಾಗಿ ಗುಡಿಸಿದರು.

ಅಂಗಳ ಗುಡಿಸುವುದೂ ಅಡಿವೆಪ್ಪನ ಸೇವೆಯೇ. ಅಜ್ಜ ಇನ್ನೊಬ್ಬರ ಸೇವೆಗೆ ಕೈ ಹಾಕಿದ್ದನ್ನು ಅವನು ಕಂಡದ್ದು ಅದೇ ಮೊದಲು. ಏನು ತಪ್ಪಾಯಿತೋ ಎಂದು ಅವನು ಕಸದ ಬುಟ್ಟಿ ಹಿಡಿದು ಹಿಂದೆಹಿಂದೆಯೇ ಓಡಾಡಿದ.

ಬೆಳಗಾಯಿತು. ಅಡಿವೆಪ್ಪ ಎಂದಿನಂತೆ ಕಸಬರಿಗೆ ಹಿಡಿದು ಅಂಗಳಕ್ಕಿಳಿದ.

"ಏ, ನಿಲ್ಲು! ಏನ್ ಮಾಡಾಕತ್ತಿ?"

ಅಜ್ಜ ಕಟ್ಟೆಯ ಮೇಲೆ ಕೂತಿದ್ದರು.

"ಅಂಗಳ ಗುಡಸಾಕತ್ತೀನ್ರಿ."

"ಅದು ನಾ ಗುಡಿಸಿದ ಅಂಗಳ."

"ಹೌದ್ರಿ. ಆದ್ರ ಎಲಿ ಬಿದ್ದಾವಲ್ರಿ."

"ನಾ ಕೈಯಾರೆ ಗುಡಿಸೀನಿ. ಅದರ ಮ್ಯಾಲ ನೀ ಕಸಬರಿಗಿ ಆಡಿಸಿದ್ರ ನಾ ಗುಡಿಸಿದ್ದು ಎಲ್ಲಿ ಉಳೀತು? ಇಡು ಅದನ್ನ."

ಗುರುವಿನ ಮಾತು. ಅಡಿವೆಪ್ಪ ಇಟ್ಟ.

ಎಲೆ ಉದುರುವ ಕಾಲ ಅದು. ಮಧ್ಯಾಹ್ನದ ಗಾಳಿಗೆ ಇನ್ನಷ್ಟು ಬಿದ್ದವು. ಒಂದು ಮೇಕೆ ಬಂದು ತಿಂದು, ಹಿಕ್ಕೆ ಹಾಕಿ ಹೋಯಿತು. ಮರುದಿನ ಅಂಗಳದ ನೆಲವೇ ಕಾಣಲಿಲ್ಲ. ಅಜ್ಜ ಕಟ್ಟೆಯ ಮೇಲೆ ಕೂತು, ಯಾರಾದರೂ ಕಸಬರಿಗೆ ಕಡೆ ನೋಡಿದರೆ ಸಾಕು, ಕೆಮ್ಮುತ್ತಿದ್ದರು.

ಬಂದ ಭಕ್ತರು ಅಡಿವೆಪ್ಪನನ್ನು ಹಿಡಿದರು.

"ಯಾಕೋ ಅಡಿವೆಪ್ಪಾ, ಮೈಗಳ್ಳ ಆದೆಲ್ಲೋ! ಅಂಗಳ ನೋಡು ಹೆಂಗೈತಿ."

"ಅಜ್ಜಾರು ಗುಡಿಸ್ಯಾರ್ರಿ."

ಭಕ್ತರು ಎಲೆಯ ರಾಶಿ ನೋಡಿದರು. ಅಜ್ಜನನ್ನು ನೋಡಿದರು.

"ಪಾಪ, ಅಜ್ಜಾರಿಗೆ ಕಣ್ಣು ಮಂಜಾದ್ವು" ಎಂದು ತಮ್ಮತಮ್ಮಲ್ಲೇ ಅಂದುಕೊಂಡು ಹೋದರು.

ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. ತನ್ನನ್ನು ಮೈಗಳ್ಳ ಅಂದರೆ ಅಂದುಕೊಳ್ಳಲಿ. ಗುರುವನ್ನು ಅನ್ನುವುದೆಂದರೇನು? ಎಲೆ ತುಳಿಯುತ್ತ ಬಂದು ಕಟ್ಟೆಯ ಮುಂದೆ ನಿಂತ.

"ಅಜ್ಜಾರ, ಜನಾ ನಿಮಗ ಕಣ್ಣು ಕಾಣೂದಿಲ್ಲ, ಗುಡಸಾಕ ಬರೂದಿಲ್ಲ ಅನ್ನಾಕತ್ತಾರ!"

"ನಾ ಚೊಲೋನ ಗುಡಿಸಿದ್ನಲ್ಲೋ?"

"ಚೊಲೋನ ಗುಡಿಸಿದ್ರಿ! ಆದ್ರ ಎಲಿ ಬೀಳೂದು ನಿಂತಿಲ್ಲಲ್ರಿ!"

ಅಂದವನು ಹಾಗೇ ನಿಂತ. ತಿರುಗಿ ಪಡಸಾಲೆಯಲ್ಲಿದ್ದ ಕಂಪ್ಯೂಟರ್ ಕಡೆ ನೋಡಿದ.

ಅಜ್ಜ ಕಸಬರಿಗೆ ಎತ್ತಿ ಅವನ ಕೈಗೆ ಕೊಟ್ಟರು.

"ಎಲಿ ನನ್ನ ಅಂಗಳದಾಗಷ್ಟ ಬೀಳ್ತಾವೇನೋ?"

ಅಡಿವೆಪ್ಪ ಅಂಗಳವನ್ನು ಅರ್ಧ ಗುಡಿಸಿದ. ಇನ್ನರ್ಧ ಆಮೇಲೆ ಎಂದು ಕಸಬರಿಗೆ ಬಿಸಾಕಿ ಒಳಗೆ ಓಡಿದ. ಅಂದೇ ಅಮಾವಾಸ್ಯೆ.

ಅಪ್‌ಡೇಟ್ ಹಾಕುವ ಕಪ್ಪು ಕಿಟಕಿ ತೆರೆಯಿತು. ಪಾಸ್‌ವರ್ಡ್ ಕೇಳಿತು. ಅಡಿವೆಪ್ಪ ಕೀಲಿಗಳನ್ನು ಒತ್ತಿದ.

"ಒತ್ತಿದ್ದು ಒಂದೂ ಮೂಡವಲ್ದ್ರಿ ಅಜ್ಜಾರ. ಚುಕ್ಕಿ ಸೈತ ಬರವಲ್ದು."

"ಜಪಾ ಮಾಡುವಾಗ ಹೊರಗ ಏನರ ಕಾಣಸ್ತೈತೇನು? ಪೂರಾ ಬರದು ಎಂಟರ್ ಒತ್ತು."

ಒತ್ತಿದ. ಕಾಣದಿದ್ದರೂ ಕಂಪ್ಯೂಟರಿಗೆ ಕೇಳಿಸಿತ್ತು. ಅಕ್ಷರಗಳು ಸಾಲುಗಟ್ಟಿ ಬಂದವು. ಎಷ್ಟು ಕಾಲದ ಬಾಕಿ! ಅವನು ಬೇಡವೆಂದದ್ದೆಲ್ಲ ಒಟ್ಟಿಗೆ ಬಾಗಿಲಿಗೆ ಬಂದು ನಿಂತಿತ್ತು.

ಆದರೆ ಒಂದೂ ಮುಂದಕ್ಕೆ ಸರಿಯಲೊಲ್ಲದು. ಎಷ್ಟು ಇಳಿಯಿತೆಂದು ತೋರಿಸುವ ಗೆರೆ ಒಂದು ಕೂದಲೆಳೆ ಬೆಳೆಯುತ್ತದೆ, ನಿಲ್ಲುತ್ತದೆ. ಹೊತ್ತು ನೆತ್ತಿಯಿಂದ ಇಳಿಯಿತು.

"ಅಜ್ಜಾರ, ಸಂಜಿಗೆ ಮುಗಿಯೂದಿಲ್ರಿ ಇದು."

"ಇದು ಮುಗಿಯೂದರಾಗ ನಿಂಬೆವ್ವನ ಕಾಲು ಕೂಡಿ ಆಕಿನ ನಡಕೊಂತ ಬರ್ತಾಳ ಬಿಡು."

"ನಗಬ್ಯಾಡ್ರಿ. ಆಕಿ ಅಲ್ಲೆ ಉಣದ ಕಾಯಾಕತ್ತಿರತಾಳ." ಎಂದ ಅಡಿವೆಪ್ಪ.

ಅಜ್ಜ ನಗು ನಿಲ್ಲಿಸಿದರು. ಅವನ ಪಕ್ಕದಲ್ಲಿ ಬಂದು ಕೂತರು.

"ಅಡಿವೆಪ್ಪಾ, ಎಲ್ಲಾರನ್ನೂ ಊಟಕ್ಕ ಎಲ್ಲಿ ನಿಂತು ಕರೀತಿ?"

"ಇಲ್ಲೆ, ಪಡಸಾಲ್ಯಾಗ ನಿಂತು ಕರೀತೀನ್ರಿ."

"ಗದ್ದಿಗಿ ಒಳಗ ಹೋಗಿ, ಬಾಗಲಾ ಹಾಕ್ಕೊಂಡು, ಮಾರಿ ಮ್ಯಾಲ ವಸ್ತ್ರ ಹೊದ್ಕೊಂಡು ಯಾಕ ಕರಿಯೂದಿಲ್ಲ?"

ಮಾತು ಮುಗಿಯುವ ಮೊದಲೇ ಅಡಿವೆಪ್ಪ ಎದ್ದು ಓಡಿದ್ದ.

ವಸ್ತ್ರ ತೆಗೆದು ಮುಟ್ಟಿ ನೋಡಿದರೆ ಡಬ್ಬಿ ಬಿಸಿಯಾಗಿತ್ತು. ಬಾಡಿದ ಹೂ ಅದರ ಮೈಗೆ ಅಂಟಿಕೊಂಡಿತ್ತು. "ತಪ್ಪಾತಪ್ಪಾ, ತಪ್ಪಾತು" ಎಂದು ಅದಕ್ಕೆ ಹೇಳುತ್ತಲೇ ಎತ್ತಿ ತಂದು, ಪಡಸಾಲೆಯ ಕಂಬದ ಹಲಗೆಯ ಮೇಲೆ ಬಯಲಿಗೆ ಇಟ್ಟ.

"ಇಲ್ಲೆ ಎಲ್ಲಾರೂ ಹಾದು ಹೋಗ್ತಾರ್ರಿ. ಮಡಿ ಅನ್ನೂದು ಇಲ್ಲ."

"ಡಬ್ಬಿಗೆ ಮಡಿ ಬ್ಯಾಡೋ, ಗಾಳಿ ಬೇಕು."

ಗೆರೆ ಓಡತೊಡಗಿತು. ಅಡಿವೆಪ್ಪ ಕೂತಲ್ಲೇ ಕುಣಿದ. "ಬಂತು, ಬಂತು, ಬಂತು" ಎಂದು ಅವನು ಕೂಗುತ್ತಿದ್ದರೆ ಅಡುಗೆಮನೆಯವರು ಯಾರೋ ಅತಿಥಿ ಬಂದರೆಂದು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟರು.

ಎಲ್ಲ ಇಳಿದು ಮುಗಿದ ಮೇಲೆ ಕಂಪ್ಯೂಟರ್ ತನ್ನನ್ನು ಒಮ್ಮೆ ಆರಿಸಿ ಹಚ್ಚಬೇಕೆಂದಿತು. ಹೊರಗೆ ತಾಳ, ದಮ್ಮಡಿ ಹಿಡಿದು ಭಜನೆಯವರು ಬರತೊಡಗಿದ್ದರು. ಅಡಿವೆಪ್ಪ ಕಣ್ಣು ಮುಚ್ಚಿ ಒತ್ತಿದ.

ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು.

"ಸತ್ತಿತಲ್ರಿ ಅಜ್ಜಾರ! ನೀವು ಕೊಟ್ಟದ್ದನ್ನ ನಾನ ಕೊಂದ್ನಲ್ರಿ!"

"ಸುಮ್ನ ಕುಂದ್ರು. ಕಣ್ಣು ಮುಚ್ಚೈತಿ ಅಷ್ಟ."

"ತಗೀತೈತೇನ್ರಿ?"

"ನೀ ದಿನಾ ರಾತ್ರಿ ಮುಚ್ಚಿ ಬೆಳಿಗ್ಗೆ ತಗಿಯೂದಿಲ್ಲೇನು?"

ಪರದೆ ಬೆಳಗಿತು. ಚೆಂದವಾಗಿ, ತೊಳೆದಿಟ್ಟ ಹಾಗೆ ಬೆಳಗಿತು. ಮೂಲೆಯಲ್ಲಿ ಯಾರೂ ಏನೂ ಕೇಳಲಿಲ್ಲ.

ಅಡಿವೆಪ್ಪ ಲಿಂಕ್ ಒತ್ತಿದ. ಪರದೆಯ ತುಂಬ ಒಂದು ಮೂಗು ಕಂಡಿತು. ಮೂಗಿನಲ್ಲಿ ಮೂಗುತಿ.

"ನಿಂಬೆವ್ವ!" ಎಂದು ಪಡಸಾಲೆಯೆಲ್ಲ ಕೂಗಿತು.

"ಯವ್ವಾ, ಒಂದೀಟ ಹಿಂದಕ ಸರಿ" ಎಂದ ಅಡಿವೆಪ್ಪ.

ಮೂಗು ಸರಿದು ಮುಖವಾಯಿತು.

"ಯಾರು, ಅಡಿವೆಪ್ಪಾ? ಎಷ್ಟ ಸಣ್ಣಾಗೀಯೋ ಕೂಸ! ಇವನ್ನ ಹೊಟ್ಟಿತುಂಬ ಉಣಸೂದಿಲ್ಲೇನ್ರಿ ಅಜ್ಜಾರ?"

"ನೀ ಉಂಡೇನವ್ವಾ?" ಎಂದರು ಅಜ್ಜ.

"ಹಾಡಿದ ಮ್ಯಾಲ ಉಣ್ತೀನ್ರಿ."

ನಿಂಬೆವ್ವ ಸೆರಗು ಸರಿಮಾಡಿಕೊಂಡು ಪದ ಎತ್ತಿದಳು. ತಾಳದವರು ಕಾದಿದ್ದರಲ್ಲ, ಆಕೆಯ ಜೊತೆಗೇ ಒಮ್ಮೆಲೇ ತಾಳ ಹಾಕಿದರು. ಎಲ್ಲ ಕಲಸುಮೇಲೋಗರವಾಯಿತು. ದನಿ ಒಂದು ಕಡೆ, ತಾಳ ಒಂದು ಕಡೆ.

"ಯಾಕ ಎಲ್ಲಾರೂ ಹಿಂದ ಬೀಳಾಕತ್ತೀರಿ?" ಎಂದಳು ನಿಂಬೆವ್ವ.

"ನೀನ ಹಿಂದ ಬೀಳಾಕತ್ತಿ!" ಎಂದರು ಇವರು.

ಅಡಿವೆಪ್ಪ ಬೆವರಿದ. ಪರದೆಯಲ್ಲಿ ನಿಂಬೆವ್ವನ ಮುಖ ಬಾಡಿದ್ದು ಕಂಡಿತು. ಆಕೆ ಗೋಡೆಯ ಕಡೆ ತಿರುಗಿಬಿಟ್ಟರೆ? ಕೇಬಲ್ ಕಿತ್ತು ಮತ್ತೆ ಚುಚ್ಚಲು ಅವನು ಕೈ ಚಾಚಿದ.

ಅಜ್ಜ ಆ ಕೈ ಹಿಡಿದುಕೊಂಡರು. ಇನ್ನೊಂದು ಕೈಯನ್ನು ತಾಳದ ಮೇಲಿಟ್ಟರು.

"ದನಿ ದೂರದಿಂದ ಬರಬೇಕಲ್ಲಪಾ, ಹೊತ್ತು ಹಿಡೀತೈತಿ. ಆಕಿ ಸಾಲು ಪೂರಾ ಮುಗೀಲಿ. ಆಮ್ಯಾಲ ನೀವು."

ನಿಂಬೆವ್ವ ಮತ್ತೆ ಎತ್ತಿದಳು. ಬೀಸುವ ಕಲ್ಲಿನ ಮೇಲಿನ ಪದ ಅದು. ಒಂದು ಸಾಲು ಹಾಡಿ ಬಿಟ್ಟಳು. ಪಡಸಾಲೆ ಅದನ್ನು ಎತ್ತಿಕೊಂಡು, ತಾಳ ಹಾಕಿ, ದಮ್ಮಡಿ ಬಡಿದು ತಿರುಗಿ ಹಾಡಿತು. ಆಕೆ ಇನ್ನೊಂದು ಸಾಲು ಕೊಟ್ಟಳು. ಇವರು ಅದನ್ನೂ ಎತ್ತಿಕೊಂಡರು. ಕೂತವರು ಎದ್ದು ನಿಂತರು, ನಿಂತವರು ಹೆಜ್ಜೆ ಹಾಕಿದರು. ಅಲ್ಲಿ ಸೊಲ್ಲಾಪುರದಲ್ಲಿ ನಿಂಬೆವ್ವ ಮಂಚದ ಮೇಲೆ ಕೂತೇ ತೋಳು ಬೀಸುತ್ತಿದ್ದಳು. ಆಕೆಯ ಹಿಂದೆ ಮಗಳು ತಟ್ಟೆಗೆ ಅನ್ನ ಬಡಿಸುತ್ತ ಕಣ್ಣೊರೆಸಿಕೊಂಡದ್ದು ಎಲ್ಲರಿಗೂ ಕಂಡಿತು.

ಅಡಿವೆಪ್ಪನೂ ಖುಷಿಯಲ್ಲಿ ಹೆಜ್ಜೆ ಹಾಕುತ್ತಿದ್ದ. ಆದರೂ ಸೇವೆ ಅವನದಲ್ಲವೇ, ಮನಸ್ಸು ತಡೆಯಲಿಲ್ಲ. ಅಜ್ಜನ ಕಿವಿಯ ಹತ್ತಿರ ಬಗ್ಗಿದ.

"ಅಜ್ಜಾರ, ನಾವು ಹಾಡಿ ಬಿಟ್ಟ ಮ್ಯಾಲ, ಆಕಿ ಮುಂದಿನ ಸಾಲು ಎತ್ತೂದರೊಳಗ, ನಡುವ ಒಂದೀಟು ಖಾಲಿ ಬೀಳ್ತೈತ್ರಿ. ಅದಕ್ಕೂ ಏನರ ಅಪ್‌ಡೇಟ್ ಬಂದಿರಬೇಕು. ನೋಡಿ ಹಾಕಿಬಿಡ್ಲೇನ್ರಿ?"

ಕಣ್ಣು ಮುಚ್ಚಿ ಪದ ಕೇಳುತ್ತಿದ್ದ ಅಜ್ಜ ಕಣ್ಣು ತೆರೆಯಲಿಲ್ಲ.

"ಆಕಿ ನಮ್ಮ ದನಿ ಕೇಳೂ ಹೊತ್ತಪಾ ಅದು. ಅದನ್ನ ಮುಟ್ಟಬ್ಯಾಡ."