ಮೊಟ್ಟೆ ಕಳ್ಳರನ್ನು ಹಿಡಿದ ಗಾಳೆಪ್ಪ

ನಗುವವರು ಮುಂದೆ ಬನ್ನಿ, ಗಾಳೆಪ್ಪನಿಗೆ ಬುದ್ಧಿ ಹೇಳಬೇಕು ಅನ್ನುವವರು ಹಿಂದೆ ಕೂರಿ. ಬುದ್ಧಿ ಹೇಳಿ ಹೇಳಿಯೇ ಅವನ ಅವ್ವ ದ್ಯಾಮವ್ವನ ಗಂಟಲು ಒಣಗಿಹೋಗಿತ್ತು.

ಗಾಳೆಪ್ಪ ಮೀಸೆ ಬಂದ ಆಳು. ಹೇಳಿದ ಕೆಲಸ ಇಲ್ಲ ಅನ್ನುವವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಡಿಮೆಯಿಲ್ಲ. ಅದೇ ಅವ್ವನ ಗೋಳು!

ದ್ಯಾಮವ್ವನಿಗೆ ತನ್ನದು ಅಂತ ಒಂದು ಕೋಳಿ ಇರಲಿಲ್ಲ. ಮೇಲಿನ ಬೀದಿಯ ದೊಡ್ಡತಾಯಮ್ಮನ ಹತ್ತಿರ ಒಂದು ಹೇಟೆ ಕೋಳಿಯನ್ನು ಪಾಲಿಗೆ ತಂದಿದ್ದಳು. ನಮ್ಮ ಕಡೆ ಹಾಗೊಂದು ಪದ್ಧತಿ. ಇಲ್ಲಿಯವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ ಕೇಳಿ. ಕೋಳಿ ಅವರದು, ಸಾಕುವುದು ನಾವು. ಮರಿಯಾದರೆ ಅರ್ಧ ಅವರಿಗೆ, ಅರ್ಧ ನಮಗೆ.

"ಉಗಾದಿ ಹೊತ್ತಿಗೆ ಮರಿ ಮಾಡಿಸು ದ್ಯಾಮಿ. ಇಲ್ಲದಿದ್ರೆ ನನ್ನ ಕೋಳಿ ನನಗೆ ವಾಪಸ್ಸು!" ಅಂದಿದ್ದಳು ದೊಡ್ಡತಾಯಮ್ಮ.

ಹೇಟೆಯ ಹೆಸರು ಕೆಂಚಿ. ಮೊಟ್ಟೆ ಇಡುವುದರಲ್ಲಿ ಏನೂ ಕಡಿಮೆಯಿಲ್ಲ. ಆದರೆ ಇಡುವುದು, ಏಳುವುದು, ತಿರುಗಿ ನೋಡುವುದು, ಕುಕ್ಕುವುದು, ತಿನ್ನುವುದು, ಕೊಕ್ಕು ಒರೆಸಿಕೊಂಡು ಹೋಗುವುದು! ತನ್ನ ಮೊಟ್ಟೆಯನ್ನು ತಾನೇ! ಮೊಟ್ಟೆ ಉಳಿದರಲ್ಲವೇ ಕಾವಿಗೆ ಕೂರಿಸುವುದು? ಮರಿ ಆದರಲ್ಲವೇ ದ್ಯಾಮವ್ವನಿಗೂ ನಾಕು ಕೋಳಿ ಆಗುವುದು?

"ಲೋ ಗಾಳೆಪ್ಪ, ನಾನು ಸೌದೆಗೆ ಹೋಗ್ತೀನಿ. ಗೂಡಿನ ಮುಂದೆ ಕೂತಿರು. ಕೆಂಚಿ ಮೊಟ್ಟೆ ಇಟ್ಟ ತಕ್ಷಣ ಎತ್ತಿಬಿಡು!"

"ಎತ್ತಿಬಿಡ್ತೀನಿ ಕಣವ್ವ!"

ಕೆಂಚಿ ಇಟ್ಟಿತು. ಗಾಳೆಪ್ಪ ಎತ್ತಿದ. ತಲೆಯ ಮೇಲಕ್ಕೆ ಎತ್ತಿದ. ಎತ್ತಿದ ಕೈ ಎತ್ತಿದ ಹಾಗೇ ನಿಂತ. ಬಿಸಿಲು ಏರಿತು, ಕೈ ಇಳಿಯಲಿಲ್ಲ. ಬಿಸಿಲು ಇಳಿಯಿತು, ಕೈ ಇಳಿಯಲಿಲ್ಲ. ಕೆಂಚಿ ಕೆಳಗೆ ನಿಂತು ಕತ್ತು ಚಾಚಿ ನೋಡುತ್ತಲೇ ಇತ್ತು.

ಸಂಜೆಗೆ ದ್ಯಾಮವ್ವ ಬಂದಳು. "ಲೋ, ಈ ಹೊರೆ ಇಳಿಸೋ!"

ಗಾಳೆಪ್ಪ ಎರಡೂ ಕೈ ಚಾಚಿದ. ಮೊಟ್ಟೆ ಕೆಳಗೆ ಬಿತ್ತು. ಕೆಂಚಿ ಬಾಚಿತು.

"ಅಯ್ಯೋ ಪೆದ್ದಪ್ಪ! ಎತ್ತಿದ್ದನ್ನ ಹಂಗೇ ಹಿಡ್ಕೊಂಡು ನಿಲ್ತಾರೇನೋ? ರಾಗಿ ಮಡಕೆಯೊಳಗೆ ಹೂತಿಡಬೇಕು. ತಣ್ಣಗಿರುತ್ತೆ, ಕೋಳಿ ಕಣ್ಣಿಗೂ ಬೀಳಲ್ಲ. ದುಂಡಗೆ ಬೆಳ್ಳಗೆ ಇರೋದೆಲ್ಲ ರಾಗಿಯೊಳಗೆ!"

"ಮೊದಲೇ ಹೇಳಬಾರ್ದಾಗಿತ್ತಾ ಅವ್ವ? ಇನ್ನು ಹಂಗೇ ಮಾಡ್ತೀನಿ."

ಮಾರನೆಯ ದಿನ ದ್ಯಾಮವ್ವ ಅಂದಳು, "ಹಳ್ಳಕ್ಕೆ ಹೋಗಿ ಮೊಟ್ಟೆಯಂಥ ಕಲ್ಲು ಹುಡುಕಿ ತಾ. ಕೆಂಚಿ ಅದನ್ನ ಕುಕ್ಕಿ ಕೊಕ್ಕು ನೋಯಿಸ್ಕೊಳ್ಳಲಿ. ಆಮೇಲೆ ತಾನೇ ಬಿಡುತ್ತೆ."

ಗಾಳೆಪ್ಪ ಹಳ್ಳಕ್ಕೆ ಹೋದ. ಹುಡುಕಿ ಹುಡುಕಿ ತಂದ. ದುಂಡಗಿತ್ತು. ಬೆಳ್ಳಗಿತ್ತು. ಎಲ್ಲಿಟ್ಟ? ರಾಗಿಯೊಳಗೆ! ಅಷ್ಟರಲ್ಲಿ ಕೆಂಚಿ ಅವತ್ತಿನ ಮೊಟ್ಟೆಯನ್ನು ಇಟ್ಟೂ ಆಗಿತ್ತು, ತಿಂದೂ ಆಗಿತ್ತು.

ದ್ಯಾಮವ್ವ ಬೀಸಲು ರಾಗಿ ಸುರಿದುಕೊಂಡಳು. ಕಲ್ಲು ಉರುಳಿ ಬಂದು ಕಾಲಿನ ಹೆಬ್ಬೆರಳ ಮೇಲೆ ಬಿತ್ತು.

"ಅಯ್ಯಪ್ಪಾ! ಕಲ್ಲು ಇಡೋದು ಗೂಡಲ್ಲಿ ಕಣೋ! ಕಲ್ಲು ಗೂಡಿಗೆ, ಕೋಳಿ ಇಟ್ಟದ್ದು ರಾಗಿಗೆ! ಕೋಳಿ ಇಟ್ಟ ಮೊಟ್ಟೆ ಎಂಥದೇ ಇರಲಿ, ರಾಗಿಯೊಳಗೆ! ತಿಳೀತಾ?"

"ತಿಳೀತು ಕಣವ್ವ!"

ಕಲ್ಲು ಗೂಡಿಗೆ ಹೋಯಿತು. ಕೆಂಚಿ ಒಂದು ಸಲ ಕುಕ್ಕಿತು, ಕಲ್ಲೆಂದು ತಿಳಿಯಿತು, ಕಾಲಿನಿಂದ ಆಚೆ ತಳ್ಳಿತು. ಆಮೇಲೆ ತನ್ನ ಮೊಟ್ಟೆ ಇಟ್ಟು ಅದನ್ನೇ ತಿಂದಿತು. ಕೋಳಿಗಿರುವ ಬುದ್ಧಿ!

"ಹಂಗಾ?" ಅಂದಳು ದ್ಯಾಮವ್ವ. "ಲೋ, ನಾಳಿನ ಮೊಟ್ಟೆಗೆ ತೂತು ಹಾಕಿ ಒಳಗೆ ಮೆಣಸಿನಕಾಯಿ ಖಾರ ತುಂಬಿಡು. ತಿಂದ ಬಾಯಿ ಉರೀಬೇಕು. ಇನ್ನು ಜನ್ಮದಲ್ಲಿ ಮೊಟ್ಟೆ ಮುಟ್ಟಬಾರದು!"

ಗಾಳೆಪ್ಪ ಮೊಟ್ಟೆಗೆ ತೂತು ಹಾಕಿದ. ಖಾರ ತುಂಬಿದ. ಚೂರು ಮುದ್ದೆ ಮೆತ್ತಿ ತೂತು ಮುಚ್ಚಿದ. ಇಷ್ಟು ಸರಿಯಾಗಿ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಆಮೇಲೆ ಎಲ್ಲಿಟ್ಟ? ಕೋಳಿ ಇಟ್ಟ ಮೊಟ್ಟೆ ಎಂಥದೇ ಇರಲಿ, ರಾಗಿಯೊಳಗೆ!

ಅದೇ ದಿನ ದೊಡ್ಡತಾಯಮ್ಮ ಬಂದಳು. "ಏನೇ ದ್ಯಾಮಿ, ನನ್ನ ಕೋಳಿ ಮೊಟ್ಟೆ ತಿನ್ನುತ್ತಂತೆ? ಬೀದಿಯವರೆಲ್ಲ ಆಡ್ಕೊಳ್ತಾರೆ. ನನ್ನ ಮನೇಲಿದ್ದಾಗ ಈ ಚಟ ಇರಲಿಲ್ಲಪ್ಪ!"

ದ್ಯಾಮವ್ವ ಅಡುಗೆಮನೆಗೆ ಹೋಗಿ ಮಡಕೆಗೆ ಕೈ ಹಾಕಿದಳು. ಸಿಕ್ಕಿತು ಒಂದು ಮೊಟ್ಟೆ! ಖಾರದ್ದು ಗೂಡಿನಲ್ಲೇ ಇದೆ ಅಂದುಕೊಂಡಿದ್ದಳು. "ಎಲ್ಲಿ ತಿನ್ನುತ್ತಕ್ಕ? ನೋಡು, ಇವತ್ತಿಂದೇ ಇದು. ಬೇಯಿಸಿ ಕೊಡ್ತೀನಿ, ತಿಂದೇ ಹೋಗು!" ಅಂದಳು.

ಬೇಯಿಸಿ ಕೊಟ್ಟಳು. ದೊಡ್ಡತಾಯಮ್ಮ ಸುಲಿದಳು, ಇಡೀ ಮೊಟ್ಟೆಯನ್ನೇ ಬಾಯಿಗೆ ಹಾಕಿಕೊಂಡಳು. ಕಚ್ಚಿದಳು.

"ಹಾ! ಹಾ! ನೀರು! ನೀರು ಕೊಡೇ! ಸತ್ತೆ ಕಣೇ!"

ಗಾಳೆಪ್ಪ ಚಪ್ಪಾಳೆ ತಟ್ಟಿದ. "ಅವ್ವಾ, ಗೆದ್ವಿ! ದೊಡ್ಡವ್ವ ಇನ್ನು ಜನ್ಮದಲ್ಲಿ ಮೊಟ್ಟೆ ಮುಟ್ಟಲ್ಲ!"

ದೊಡ್ಡತಾಯಮ್ಮ ಒಂದು ಕೊಡ ನೀರು ಕುಡಿದು ಎದ್ದಳು. "ಉಗಾದಿ ಬೆಳಗ್ಗೆ ಬರ್ತೀನಿ. ಮರಿ ಕಾಣಲಿಲ್ವೋ, ಕೋಳಿ ನನ್ನ ಕಂಕುಳಲ್ಲಿ!"

ಅವಳು ಹೋದ ಮೇಲೆ ದ್ಯಾಮವ್ವ ತಲೆ ಚಚ್ಚಿಕೊಂಡಳು. "ಖಾರನೂ ಬೇಡ, ಕಲ್ಲೂ ಬೇಡ. ಗೂಡಿಗೆ ಗೋಣಿ ಇಳಿಬಿಟ್ಟು ಕತ್ತಲೆ ಮಾಡು. ಕಂಡರೆ ತಾನೇ ಕುಕ್ಕೋದು? ಮೊಟ್ಟೆ ಕಣ್ಣಿಗೆ ಕಾಣಬಾರದು!"

"ಯಾರ ಕಣ್ಣಿಗವ್ವ?"

"ಯಾರ ಕಣ್ಣಿಗೂ!"

ಗಾಳೆಪ್ಪ ಗೂಡಿಗೆ ಗೋಣಿ ಕಟ್ಟಿದ. ತನ್ನ ಕಣ್ಣಿಗೆ ಟವೆಲು ಕಟ್ಟಿಕೊಂಡ. ಮೊಟ್ಟೆ ತೆಗೆಯಲು ಹಾಗೇ ತಡವರಿಸಿಕೊಂಡು ಒಳಗೆ ಕಾಲಿಟ್ಟ. ಪಚಕ್! ಕೆಂಚಿ ಓಡಿ ಬಂದು ಅವನ ಅಂಗಾಲಿನಿಂದಲೇ ಕುಕ್ಕಿ ಕುಕ್ಕಿ ತಿಂದಿತು.

"ಅವ್ವಾ, ಕಚಗುಳಿ! ಅವ್ವಾ, ಕಚಗುಳಿ!"

ದ್ಯಾಮವ್ವನಿಗೆ ಎಲ್ಲಿತ್ತೋ ಸಿಟ್ಟು! "ಮೊಟ್ಟೆ ಕುಕ್ಕೋ ಜಾತಿ ನಮ್ಮನೇಲಿ ಇರೋದೇ ಬೇಡ! ಇನ್ನು ಮೊಟ್ಟೆ ಕುಕ್ಕೋದು ಯಾವುದೇ ಕಾಣಲಿ, ಹಿಡಿದು ತಾಯಮ್ಮಕ್ಕನ ಮನೆಗೆ ಹಾಕಿ ಬಾ! ನಾನೇ ಬಂದು ಕೇಳಿದ್ರೂ ವಾಪಸ್ ಕೊಡಬೇಡ ಅಂತ ಹೇಳು!"

"ಹಂಗೇ ಹೇಳ್ತೀನಿ ಕಣವ್ವ!"

ಸಿಟ್ಟು ಇಳಿದ ಮೇಲೆ ದ್ಯಾಮವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಇನ್ನು ಮಗನನ್ನು ನಂಬುವುದಿಲ್ಲ, ತಾನೇ ನೋಡಿಕೊಳ್ಳುತ್ತೇನೆ ಅಂದಳು. ಮೊಟ್ಟೆಯ ಚಿಪ್ಪು ಗಟ್ಟಿಯಾಗಲಿ ಅಂತ ಕೋಳಿಯ ಮೇವಿಗೆ ಚಿಟಿಕೆ ಸುಣ್ಣ ಬೆರೆಸಿದಳು. ಗೂಡಿಗೆ ಹುಲ್ಲನ್ನು ಮೊಣಕೈ ಮುಳುಗುವಷ್ಟು ತುಂಬಿದಳು. ಇಟ್ಟ ಮೊಟ್ಟೆ ಹುಲ್ಲಿನೊಳಗೆ ಇಳಿಯುತ್ತಿತ್ತು, ಕೆಂಚಿ ತಿರುಗುವುದರೊಳಗೆ ದ್ಯಾಮವ್ವನ ಕೈ ಸೇರುತ್ತಿತ್ತು. ಕುಕ್ಕಲು ಮೊಟ್ಟೆಯೇ ಸಿಗದೆ ಕೆಂಚಿ ಆ ಚಟವನ್ನೇ ಮರೆಯಿತು. ಆಮೇಲೆ ಕಾವಿಗೂ ಬಂತು. ಕೂಡಿಟ್ಟ ಮೊಟ್ಟೆಗಳ ಮೇಲೆ ರಾಣಿಯ ಹಾಗೆ ಕೂತಿತು.

ಉಗಾದಿಯ ಹಿಂದಿನ ದಿನ. ದ್ಯಾಮವ್ವ ಹಬ್ಬದ ಬಟ್ಟೆ ಒಗೆಯಲು ಹಳ್ಳಕ್ಕೆ ಹೊರಟಳು.

"ಗಾಳೆಪ್ಪ, ನನ್ನಪ್ಪಾ, ಕಾಗೆ ಬೆಕ್ಕು ಬರದ ಹಾಗೆ ನೋಡ್ಕೋ. ಇನ್ನೇನೂ ಹೇಳಲ್ಲ. ಹೇಳಿದ್ರೆ ನೀನು ಮಾಡ್ತೀಯ!"

ಗಾಳೆಪ್ಪ ಕಣ್ಣು ಮಿಟುಕಿಸದೆ ಕೂತ. ಕಾಗೆ ಬರಲಿಲ್ಲ. ಬೆಕ್ಕು ಬರಲಿಲ್ಲ. ಆದರೆ ಕೆಂಚಿಯ ಕೆಳಗಿಂದ ಏನೋ ಸದ್ದು. ಟಕ್. ಟಕ್ ಟಕ್. ಕೆಂಚಿಯನ್ನು ಎತ್ತಿ ನೋಡಿದ. ಮೊಟ್ಟೆಯಲ್ಲಿ ತೂತು! ತೂತಿನಲ್ಲಿ ಕೊಕ್ಕು!

"ಅಯ್ಯೋ, ಒಳಗೇ ಸೇರ್ಕೊಂಡು ತಿಂತಾ ಇವೆ!"

ಒಂದು ಹೊರಗೆ ಬಂತು, ಹಿಡಿದ. ಇನ್ನೊಂದು ಬಂತು, ಹಿಡಿದ. ಒಂದನ್ನೂ ಬಿಡಲಿಲ್ಲ. ಎಲ್ಲವನ್ನೂ ಮಂಕರಿ ಬುಟ್ಟಿಗೆ ಹಾಕಿಕೊಂಡು ಮೇಲಿನ ಬೀದಿಗೆ ಓಡಿದ.

"ದೊಡ್ಡವ್ವಾ, ಇವನ್ನ ಇಟ್ಕೊಳ್ಳಿ!"

"ಅಯ್ಯೋ, ಬಂಗಾರದಂಥ ಮರಿಗಳು! ಎಲ್ಲಾ ನನಗೇನೋ? ಅರ್ಧ ನಿಮ್ಮದಲ್ವಾ?"

"ನಮಗೆ ಒಂದೂ ಬೇಡ. ಅವ್ವನೇ ಹೇಳಿದ್ದು. ಅವ್ವನೇ ಬಂದು ಕೇಳಿದ್ರೂ ವಾಪಸ್ ಕೊಡಬೇಡಿ!"

"ಆಗಲಪ್ಪ, ಕೊಡಲ್ಲ!" ಅಂದಳು ದೊಡ್ಡತಾಯಮ್ಮ. ಅವಳಿಗೆ ಖಾರದ ಉರಿ ಇನ್ನೂ ನೆನಪಿತ್ತು.

ದ್ಯಾಮವ್ವ ಹಳ್ಳದಿಂದ ಬಂದಾಗ ಗೂಡಿನ ಮೇಲೆ ಮಂಕರಿ ಕವುಚಿತ್ತು, ಮಂಕರಿಯ ಮೇಲೆ ಗಾಳೆಪ್ಪ ಕೂತಿದ್ದ, ಒಳಗೆ ಕೆಂಚಿ ಕೊಕ್ಕೊಕ್ಕೋ ಎಂದು ಕಿರುಚುತ್ತಿತ್ತು.

"ಮರಿ ಎಲ್ಲೋ? ಮರಿ ಎಲ್ಲಿ?"

"ಮರಿ ಎಲ್ಲವ್ವ? ಕಳ್ಳರು! ಮೊಟ್ಟೆಯೊಳಗೆ ಕೂತು ಎಲ್ಲಾ ತಿಂದು ಖಾಲಿ ಮಾಡಿದ್ವು. ನೀನು ಹೇಳಿದ ಹಾಗೇ ಹಿಡಿದು ದೊಡ್ಡವ್ವನ ಮನೆಗೆ ಹಾಕಿ ಬಂದೆ. ಕೆಂಚಿ ಪಾಪ ಒಂದೂ ಕುಕ್ಕಲಿಲ್ಲ, ಅದಕ್ಕೇ ಇಟ್ಕೊಂಡಿದೀನಿ."

ದ್ಯಾಮವ್ವ ಒದ್ದೆ ಬಟ್ಟೆಯ ಸಮೇತ ನೆಲಕ್ಕೆ ಕುಸಿದಳು.

"ಅಳಬೇಡ ಕಣವ್ವ! ಒಂದು ಚಿಪ್ಪನ್ನೂ ಬಿಡದೆ ಆರಿಸಿ ಕೆಂಚಿನ ಮತ್ತೆ ಕಾವಿಗೆ ಕೂರಿಸಿದೀನಿ. ಒಂದೊಂದನ್ನೂ ಒಳಗೆ ಬಗ್ಗಿ ನೋಡಿಯೇ ಇಟ್ಟಿದೀನಿ. ಈ ಸಲ ಒಂದರಲ್ಲೂ ಕಳ್ಳ ಇಲ್ಲ!"