ಮೊದಲ ಪಾಠದ ಕೆಳಗಿನ ಸಾಲು

"ಗುರುಗಳೇ, ಹೇಳಬೇಕಾದ್ದನ್ನು ಸ್ಪಷ್ಟವಾಗಿ ಹೇಳಿದರೆ ಅದು ಕೇಳುವವನಿಗೆ ತಲುಪಿಯೇ ತಲುಪುತ್ತದಲ್ಲವೇ?" ಎಂದು ಶಿಷ್ಯ ಕೇಳಿದ. ಅವನ ಕಲಿಕೆ ಮುಗಿದಿತ್ತು. ಮರುದಿನ ಬೇರೆ ಊರಿಗೆ ಹೋಗಿ ತಾನೇ ಪಾಠ ಹೇಳುವವನಿದ್ದ.

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಕಂಪ್ಯೂಟರಿನ ಆಟಗಳನ್ನು ಕಟ್ಟುವುದಕ್ಕೆ ಬೇಕಾದ ಉಪಕರಣಗಳನ್ನು ತಯಾರಿಸುವ ಸಂಸ್ಥೆಯಿತ್ತು. ಆಟಗಳನ್ನು ಅದು ತಾನು ಕಟ್ಟುತ್ತಿರಲಿಲ್ಲ. ಕಟ್ಟುವವರಿಗೆ ಉಪಕರಣ ಕೊಡುತ್ತಿತ್ತು, ಜೊತೆಗೆ ಒಂದು ಕೈಪಿಡಿ ಕೊಡುತ್ತಿತ್ತು. ಆ ಕೈಪಿಡಿ ಬರೆಯುವುದಕ್ಕೆ ಅಲ್ಲಿ ಒಬ್ಬನಿದ್ದ. ಗೊತ್ತಿಲ್ಲದವನಿಗೆ ಗೊತ್ತಾಗುವಂತೆ ಬರೆಯುವುದೊಂದೇ ಅವನಿಗಿದ್ದ ಚಟ. ಒಂದು ಸಾಲು ಸರಿಹೋಗುವ ತನಕ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಕೈಪಿಡಿಯ ಮೊದಲ ಪಾಠಕ್ಕೆ ಅವನು ಒಂದು ಮಾದರಿ ಆಟ ಬರೆದ. ಒಂದು ಚೆಂಡು, ಒಂದು ಗೋಡೆ. ಹೊಸಬರು ಹೆದರಬಾರದೆಂದು ಅದನ್ನು ಆದಷ್ಟು ಚಿಕ್ಕದು ಮಾಡಿದ. ಚಿಕ್ಕದು ಮಾಡುವ ಭರದಲ್ಲಿ ಒಂದು ಅಡ್ಡದಾರಿ ಹಿಡಿದ. ತೆರೆದ ಕೂಡಲೇ ಆ ಆಟ ಹಿಂದಿನ ಸಲ ಉಳಿಸಿಟ್ಟಿದ್ದನ್ನು ಓದಿಕೊಂಡು ಅಳಿಸಿಬಿಡುತ್ತಿತ್ತು. ಮುಚ್ಚುವಾಗ ಮತ್ತೆ ಹೊಸದಾಗಿ ಬರೆದಿಡುತ್ತಿತ್ತು. ನಡುವಿನ ಹೊತ್ತಿನಲ್ಲಿ ಎಲ್ಲವೂ ಯಂತ್ರದ ನೆನಪಿನಲ್ಲಿ ಮಾತ್ರ, ಕರೆಂಟು ಇರುವಷ್ಟು ಹೊತ್ತು ಮಾತ್ರ ಇರುತ್ತಿತ್ತು. ಚೆಂಡಿನಾಟಕ್ಕೆ ಅಷ್ಟು ಸಾಕಾಗಿತ್ತು. ಆದರೂ ಮನಸ್ಸು ಒಪ್ಪದೆ, ಪಾಠದ ಕೆಳಗೆ ಒಂದು ಸಾಲು ಸೇರಿಸಿದ: 'ಇದು ಕಲಿಯುವುದಕ್ಕೆ ಮಾತ್ರ. ನಿಜವಾದ ಆಟದಲ್ಲಿ ಹೊಸದನ್ನು ಬರೆದು ಮುಗಿಸುವ ತನಕ ಹಳೆಯದನ್ನು ಅಳಿಸಬೇಡಿ. ಕರೆಂಟು ಯಾರನ್ನೂ ಕೇಳಿ ಹೋಗುವುದಿಲ್ಲ.' ಬರೆದು, ಓದಿ, ಚೆನ್ನಾಗಿದೆ ಅನ್ನಿಸಿ ಎದ್ದುಹೋದ.

ಪಾಠ ಹರಡಿತು. ಯಾರು ಯಾರೋ ಅದರಿಂದ ಆಟ ಕಟ್ಟುವುದನ್ನು ಕಲಿತರು. ಇಷ್ಟು ಸುಲಭವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ ಎಂದರು. ಅವನಿಗೆ ಸಂತೋಷವಾಗುತ್ತಿತ್ತು.

ಹಾಗೆ ಕಲಿತವನೊಬ್ಬ ಹಿತ್ತಿಲಿನ ಆಟವೊಂದನ್ನು ಕಟ್ಟಿದ. ಬರಿ ಮಣ್ಣಿನಲ್ಲಿ ಬೀಜ ಹಾಕಬೇಕು, ನೀರು ಬಿಡಬೇಕು, ಕಾಯಬೇಕು. ಗೆಲ್ಲುವುದು ಸೋಲುವುದು ಇಲ್ಲ. ಬೆಳೆದದ್ದನ್ನು ಉಳಿಸಿಡುವ ಭಾಗಕ್ಕೆ ಬಂದಾಗ ಅವನು ಹೊಸದಾಗಿ ಯೋಚಿಸಲಿಲ್ಲ. ಮೊದಲ ಪಾಠದಿಂದ ಅಷ್ಟನ್ನೂ ಎತ್ತಿ ತನ್ನ ಆಟದೊಳಗೆ ಇಟ್ಟ. ಆ ಕಸುಬಿನವರೆಲ್ಲ ಹಾಗೆಯೇ ಮಾಡುತ್ತಿದ್ದರು. ಒಂದು ಕಡೆ ನಡೆಯುತ್ತಿರುವುದನ್ನು ಮತ್ತೊಂದು ಕಡೆ ಯಾರೂ ಮತ್ತೆ ಬರೆಯುತ್ತಿರಲಿಲ್ಲ.

ಒಬ್ಬ ದರ್ಜಿಯ ಹೆಂಡತಿ ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದಳು. ಹೊತ್ತು ಹೋಗಲೆಂದು ಆ ಆಟ ಆಡತೊಡಗಿದಳು. ಸೂಜಿಮಲ್ಲಿಗೆ ಹಬ್ಬಿಸಿದಳು. ತೊಂಡೆಬಳ್ಳಿಗೆ ಚಪ್ಪರ ಹಾಕಿದಳು. ಬಾವಿಯ ಪಕ್ಕ ಒಂದು ಕಲ್ಲು ಇಟ್ಟು, "ಇದು ನಿಮಗೆ ಕೂರುವುದಕ್ಕೆ" ಎಂದು ಗಂಡನಿಗೆ ತೋರಿಸಿದಳು. ಆಮೇಲೆ ತೀರಿಕೊಂಡಳು. ದರ್ಜಿ ದಿನಾ ಬೆಳಿಗ್ಗೆ ಹೊಲಿಗೆಗೆ ಕೂರುವ ಮೊದಲು ಆ ಹಿತ್ತಿಲನ್ನು ತೆರೆಯುತ್ತಿದ್ದ, ನೀರು ಬಿಡುತ್ತಿದ್ದ, ಮುಚ್ಚುತ್ತಿದ್ದ. ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಒಂದು ಬೆಳಿಗ್ಗೆ ನೀರು ಬಿಡುತ್ತಿದ್ದಾಗ ಕರೆಂಟು ಹೋಯಿತು. ಬಂದ ಮೇಲೆ ತೆರೆದು ನೋಡಿದರೆ ಬರಿ ಮಣ್ಣು. ಮೇಲೆ 'ಬನ್ನಿ, ಹೊಸ ಹಿತ್ತಿಲು ಮಾಡೋಣ' ಎಂದು ಬರೆದಿತ್ತು.

ದರ್ಜಿ ಆಟ ಕಟ್ಟಿದವನನ್ನು ಹುಡುಕಿಕೊಂಡು ಹೋದ. ಅವನು ತಡಕಾಡಿ ಏನೂ ಸಿಗದೆ, ದರ್ಜಿಯನ್ನು ಕರೆದುಕೊಂಡು ಕೈಪಿಡಿ ಬರೆಯುವವನ ಬಳಿಗೆ ಬಂದ.

"ಏನು ಸ್ವಾಮಿ, ನೀವು ಬರೆದ ಹಾಗೇ ಮಾಡಿದ್ದೀನಿ. ಒಂದಕ್ಷರ ಆಚೆ ಈಚೆ ಮಾಡಿಲ್ಲ. ಈಗ ನೋಡಿ, ಈ ಯಜಮಾನರಿಗೆ ಮುಖ ತೋರಿಸೋ ಹಾಗಿಲ್ಲ."

"ಕೆಳಗೆ ಒಂದು ಸಾಲು ಬರೆದಿದ್ದೆನಲ್ಲ?"

"ಕೆಳಗಾ? ಬೇಕಾದ್ದು ಮೇಲೇ ಸಿಕ್ಕಿತು. ಕೆಳಗೆ ಇಳಿಯೋದಕ್ಕೆ ನನಗೇನು ಬೇರೆ ಕೆಲಸ ಇರಲಿಲ್ಲವಾ?"

ಕೈಪಿಡಿ ಬರೆಯುವವನು ಆ ಆಟದ ಒಳಗಿನ ಬರವಣಿಗೆಯನ್ನು ತೆರೆಸಿದ. ಎತ್ತಿಟ್ಟ ಭಾಗದ ತುದಿಯಲ್ಲಿ, ಯಂತ್ರ ಲೆಕ್ಕಿಸದ ಟಿಪ್ಪಣಿಯಾಗಿ, ಅವನ ಸಾಲೂ ಇತ್ತು. ಉಳಿದದ್ದರ ಜೊತೆಗೆ ಅದೂ ಬಂದು, ಇಷ್ಟು ಕಾಲ ಆ ಹಿತ್ತಿಲಿನೊಳಗೇ ಕೂತಿತ್ತು. ಆಟ ಕಟ್ಟಿದವನು ಅದನ್ನು ಮೊದಲ ಬಾರಿಗೆ ಓದಿದ. ಓದಿ ತಲೆ ತಗ್ಗಿಸಿದ.

ದರ್ಜಿಗೆ ಇದ್ಯಾವುದೂ ತಿಳಿಯಲಿಲ್ಲ. "ತಪ್ಪು ಯಾರದ್ದಾದರೂ ಇರಲಿ ಬಿಡಿ. ಆ ಕಲ್ಲು ಒಂದನ್ನಾದರೂ ತೆಗೆದುಕೊಡೋದಕ್ಕೆ ಆಗುತ್ತಾ?" ಎಂದು ಕೇಳಿದ. ಆಗುವುದಿಲ್ಲವೆಂದು ಗೊತ್ತಾದ ಮೇಲೆ ಇಬ್ಬರಿಗೂ ಕೈಮುಗಿದು ಹೊರಟುಹೋದ.

ಇನ್ನೊಬ್ಬರ ಹಿತ್ತಿಲು ಹೀಗೆ ಹೋಗಬಾರದು ಎಂಬುದೊಂದೇ ಅಂದಿನಿಂದ ಕೈಪಿಡಿ ಬರೆಯುವವನ ತಲೆಯಲ್ಲಿ ಕೂತಿತು. ಪಾಠವನ್ನು ತಿದ್ದಿದ. ಅಡ್ಡದಾರಿ ತೆಗೆದು ಸರಿಯಾದ ದಾರಿ ಬರೆದ. ಪಾಠ ಉದ್ದವಾಯಿತು. ಹೊಸಬರು ಅದನ್ನು ಅರ್ಧಕ್ಕೆ ಬಿಟ್ಟು, ಹಳೆಯ ಪಾಠವನ್ನು ಒಬ್ಬರಿಂದ ಒಬ್ಬರು ಇಸಿದುಕೊಂಡರು. ಎಚ್ಚರಿಕೆಯನ್ನು ಮೇಲಕ್ಕೆ ತಂದು ಕೆಂಪಕ್ಷರದಲ್ಲಿ ಹಾಕಿದ. ಜನ ಅದನ್ನು ಜಾಹೀರಾತೆಂದು ತಿಳಿದು ದಾಟಿಹೋದರು. ಆಟ ಕಟ್ಟುವವರನ್ನು ತಾನೇ ಹುಡುಕಿ ಕೇಳಿಕೊಂಡ. "ನಮ್ಮಲ್ಲಿ ಇಲ್ಲಿವರೆಗೂ ಏನೂ ಆಗಿಲ್ಲವಲ್ಲ" ಎಂದರು. ಅದು ಸುಳ್ಳೂ ಆಗಿರಲಿಲ್ಲ.

ಕೊನೆಗೆ ಅವನು ತನ್ನ ಸಂಸ್ಥೆಯಲ್ಲೇ ಉಪಕರಣ ಮಾಡುವವನ ಬಳಿಗೆ ಹೋದ. "ಆ ಅಡ್ಡದಾರಿಯನ್ನು ಉಪಕರಣವೇ ಒಪ್ಪದ ಹಾಗೆ ಮಾಡು. ನಾನು ಹೇಳಿ ಸಾಕಾಯಿತು" ಎಂದ.

ಉಪಕರಣ ಮಾಡುವವನು ಕೆಟ್ಟವನಲ್ಲ. ಪೂರ್ತಿ ಕೇಳಿಸಿಕೊಂಡ. "ಮಾಡಬಹುದಪ್ಪ, ನಾಳೆಯೇ ಮಾಡಬಹುದು. ಆದರೆ ಆ ದಾರಿ ಹಿಡಿದ ಆಟಗಳು ಒಂದೂ ನಾಳೆ ತೆರೆಯುವುದಿಲ್ಲ. ಅವನ್ನು ಕಟ್ಟಿದವರಲ್ಲಿ ಎಷ್ಟೋ ಜನ ಕಸುಬು ಬಿಟ್ಟಿದ್ದಾರೆ, ತಿದ್ದಿಕೊಡುವವರಿಲ್ಲ. ಕರೆಂಟು ಒಂದೊಂದಾಗಿ ಅಳಿಸುವ ಹಿತ್ತಿಲುಗಳನ್ನು ನೀನು ಒಟ್ಟಿಗೆ ಅಳಿಸುತ್ತೀಯಾ?"

ಕೈಪಿಡಿ ಬರೆಯುವವನು ಎದ್ದು ಬಂದ.

ಮುಂದಿನ ಕೈಪಿಡಿ ಬಂದಾಗ, ಇಷ್ಟು ಜನ ಬಳಸುತ್ತಾರೆಂದು ಸಂಸ್ಥೆ ಆ ಅಡ್ಡದಾರಿಗೆ ಒಂದು ಹೆಸರು ಕೊಟ್ಟಿತು, ಅದಕ್ಕೇ ಒಂದು ಅಧ್ಯಾಯ ಕೊಟ್ಟಿತು. ಆ ಅಧ್ಯಾಯವನ್ನು ಅವನೇ ಬರೆಯಬೇಕಾಯಿತು. ಎಂಥ ಹೊಸಬನಿಗೂ ತಿಳಿಯುವಂತೆ ಬರೆದ. ಬೇರೆ ಥರ ಬರೆಯುವುದು ಅವನಿಗೆ ಬರುತ್ತಿರಲಿಲ್ಲ. ಅದಾದ ಮೇಲೆ ಊರಿನಲ್ಲಿ ಕರೆಂಟು ಹೋದಾಗಲೆಲ್ಲ ಅವನು ಮಾಡುತ್ತಿದ್ದುದನ್ನು ಬಿಟ್ಟು, ಅದು ಬರುವ ತನಕ ಸುಮ್ಮನೆ ಕೂತಿರುತ್ತಿದ್ದ.

ಗುರು ಕತೆ ನಿಲ್ಲಿಸಿದರು.

ಶಿಷ್ಯ, "ಪಾಪ ಆ ದರ್ಜಿ" ಎಂದ. ಆಮೇಲೆ, "ಆದರೆ ಗುರುಗಳೇ, ಆ ಕೆಳಗಿನ ಸಾಲನ್ನು ಅವನು ಸರಿಯಾಗಿ ಬರೆದಿರಲಿಕ್ಕಿಲ್ಲ. ನಾನಾಗಿದ್ದರೆ ಮನಸ್ಸಿಗೆ ನಾಟುವ ಹಾಗೆ ಬರೆಯುತ್ತಿದ್ದೆ. ಅಷ್ಟಕ್ಕೂ ಅದರಲ್ಲಿ ಏನೆಂದು ಬರೆದಿದ್ದ? ಅದೊಂದನ್ನು ನೀವು ಹೇಳಲೇ ಇಲ್ಲ" ಎಂದ.

ಗುರು ಅವನ ಮುಖ ನೋಡಿದರು.

"ಹೇಳಿದೆನಲ್ಲ" ಎಂದರು.