ಹತ್ತು ಹುಣಸೆ ಬೀಜ

ನವಿಲಕಟ್ಟಿಯ ಪೂಜ್ಯ ಅಡವಯ್ಯ ಅಜ್ಜನವರ ಮಠವೆಂದರೆ ನಾಲ್ಕು ಮಣ್ಣಿನ ಗೋಡೆ, ಮೇಲೊಂದು ತಗಡಿನ ಮಾಡು, ಮುಂದೊಂದು ಹುಣಸೆಮರ. ಪಲ್ಲಕ್ಕಿಯಿಲ್ಲ, ಬೆಳ್ಳಿಯ ಪಾದುಕೆಯಿಲ್ಲ. ದಾಸೋಹದ ಸಾರಿಗೆ ಬೇಕಾದ ಹುಣಸೆಹಣ್ಣನ್ನು ಪೂಜ್ಯರು ತಾವೇ ಕಂಬಳಿಯ ಮೇಲೆ ಕುಳಿತು, ಬೀಜ ಬಿಡಿಸಿ ಕೊಡುತ್ತಿದ್ದರು. ಬಂದವರ ಕಷ್ಟಸುಖ ಕೇಳುತ್ತಲೇ ಆ ಕೆಲಸ ಸಾಗುತ್ತಿತ್ತು. ಅವರು ಮಾತು ಆಡುತ್ತಿದ್ದುದೇ ಅಪರೂಪ. ದಿನವಿಡೀ ಆಡಿದ್ದನ್ನು ಒಂದು ಹಿಡಿಯಲ್ಲಿ ಹಿಡಿಯಬಹುದಿತ್ತು ಎಂದು ಊರ ಹಿರಿಯರು ಇಂದಿಗೂ ನಗುತ್ತಾ ಹೇಳುತ್ತಾರೆ.

ಆ ಹುಣಸೆ ಬೀಜಗಳೇ ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಕುಮುದಿನಿಯವರ ತಲೆ ಕೆಡಿಸಿದ್ದವು. ಅವರು ಹಾಸನದ ಕಡೆಯಿಂದ ವರ್ಗವಾಗಿ ಬಂದು ಒಂದು ವರ್ಷವಾಗಿತ್ತು. ಅಷ್ಟರಲ್ಲಿ ಮೂವರು ಗರ್ಭಿಣಿಯರು, ಮೂವರೂ ದಿನ ಮೀರಿದವರು, ಈ ಮಠದಿಂದ ನೇರವಾಗಿ ಆಸ್ಪತ್ರೆಗೆ ಓಡಿಬಂದಿದ್ದರು. ಮೂವರ ಹೊಟ್ಟೆಯಲ್ಲೂ ಕೂಸು ಸೋತಿತ್ತು. ತಡಮಾಡದೆ ನೋವು ಬರಿಸಿ ಹೆರಿಗೆ ಮಾಡಿಸಿದ್ದಕ್ಕೆ ಮೂರೂ ಉಳಿದವು. ಮೂವರ ಸೆರಗಿನ ಗಂಟಿನಲ್ಲೂ ಹುಣಸೆ ಬೀಜ! ಕೇಳಿದರೆ "ಅಜ್ಜಾರು ಕೊಟ್ಟಾರ್ರಿ" ಎನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ. ಬೀಜ ಅರೆದು ಕುಡಿಸಿ ನೋವು ಬರಿಸಲು ನೋಡುತ್ತಾರೋ ಏನೋ, ಅದರಿಂದಲೇ ಕೂಸು ಸೋಲುತ್ತದೋ ಏನೋ! ಸ್ವಾಮಿಗಳಾದರೇನು, ಕೇಳಿಯೇ ಬಿಡುತ್ತೇನೆಂದು ಒಂದು ಬೆಳಿಗ್ಗೆ ಡಾಕ್ಟರು ಜೀಪು ಹತ್ತಿದರು. ಅವರಲ್ಲಿ ಸಿಟ್ಟು ಅರ್ಧವಿತ್ತು, ಕುತೂಹಲ ಅರ್ಧವಿತ್ತು.

ಅಂಗಳದಲ್ಲಿ ಅವರಿಗಿಂತ ಮೊದಲೇ ಇಬ್ಬರು ಬಂದು ಕುಳಿತಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಶಿವಲೀಲಾ, ಅವಳ ತಾಯಿ ದುಂಡವ್ವ. ಡಾಕ್ಟರು ಕೂಡಲೇ ಗುರುತು ಹಿಡಿದರು. ಹೇಳಿದ ದಿನ ಮೀರಿ ಹತ್ತು ದಿನವಾಗಿದ್ದ ಈ ಹುಡುಗಿಗೆ, ಆಸ್ಪತ್ರೆಗೆ ಸೇರು, ನೋವು ಬರಿಸುತ್ತೇನೆ ಎಂದು ನಿನ್ನೆಯಷ್ಟೇ ಹೇಳಿದ್ದರು. "ನಾಳಿ ಅಮಾಸಿ ಐತ್ರಿ, ಅದು ದಾಟಲಿ" ಎಂದು ದುಂಡವ್ವ ಹಟ ಹಿಡಿದಿದ್ದಳು. ಡಾಕ್ಟರು ಆಸ್ಪತ್ರೆಯೆಲ್ಲ ಕೇಳುವಂತೆ ಅವಳನ್ನು ಬೈದಿದ್ದರು.

ದುಂಡವ್ವ ಪೂಜ್ಯರಿಗೆ ಅಡ್ಡಬಿದ್ದು ಬೇಡಿಕೊಂಡಳು. "ಅಜ್ಜಾರ, ತೀರ್ಥಾ ಕೊಡ್ರಿ. ಇವತ್ತೊಂದಿನ ಬ್ಯಾನಿ ಬರಬಾರದು. ಅಮಾಸಿ ದಿನ ಹುಟ್ಟಿದ ಕೂಸು ಮನಿತನಕ್ಕ ಆಗಿಬರೂದಿಲ್ರಿ."

ಡಾಕ್ಟರ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಪೂಜ್ಯರು ಕೂರುವಂತೆ ಸನ್ನೆ ಮಾಡಿದರು. ಹತ್ತು ಬೀಜ ಎಣಿಸಿ ಶಿವಲೀಲಾಳ ಅಂಗೈಯಲ್ಲಿಟ್ಟು, ಒಂದು ಹಿತ್ತಾಳೆಯ ಬಟ್ಟಲನ್ನು ಅವಳ ಮುಂದೆ ಸರಿಸಿದರು.

"ಎಡ ಮಗ್ಗಲಾಗು ಮಗಳ. ಕೂಸು ಮಿಸುಕಿದಾಗೊಮ್ಮೆ ಒಂದು ಬೀಜ ಇದರಾಗ ಹಾಕು. ಹತ್ತೂ ಬೀಳಲಿ, ತೀರ್ಥಾ ಕೊಡ್ತೀನಿ."

ಅಷ್ಟೇ. ಅರೆಯುವುದೂ ಇಲ್ಲ, ಕುಡಿಸುವುದೂ ಇಲ್ಲ. ಜಗಳಕ್ಕೆ ಬಂದಿದ್ದ ಡಾಕ್ಟರು ಬೆಪ್ಪಾಗಿ ಕೈಗಡಿಯಾರ ನೋಡುತ್ತಾ ಕುಳಿತುಬಿಟ್ಟರು. ಬಟ್ಟಲಿಗೆ ಟಣ್ಣೆಂದು ಒಂದು ಬೀಜ ಬಿತ್ತು. ಪೂಜ್ಯರು ತಮ್ಮ ಪಾಡಿಗೆ ಹುಣಸೆಹಣ್ಣು ಬಿಡಿಸುತ್ತಿದ್ದರು, ಆದರೆ ಅವರ ಕಿವಿಯೆಲ್ಲ ಬಟ್ಟಲಿನ ಕಡೆಗೇ ಇತ್ತೆಂಬುದು ಡಾಕ್ಟರಿಗೆ ತಿಳಿಯಿತು. ಬಹಳ ಹೊತ್ತಿಗೆ ಇನ್ನೊಂದು ಬಿತ್ತು. ಆಮೇಲೆ ಬೀಳಲೇ ಇಲ್ಲ. ಒಂದು ತಾಸಾದಾಗ ಪೂಜ್ಯರ ಕೈ ನಿಂತಿತು.

"ಮಲಗಿರಬೇಕ್ರಿ" ಎಂದಳು ದುಂಡವ್ವ.

ಪೂಜ್ಯರು ಆ ಮಾತಿಗೆ ಕಣ್ಣು ಮುಚ್ಚಿಕೊಂಡರು. "ಡಾಕ್ಟರವ್ವ, ನಿನ್ನ ನಳಿಗಿ ಹಚ್ಚಿ ನೋಡು."

ಡಾಕ್ಟರು ಚೀಲದಿಂದ ನಳಿಗೆ ತೆಗೆದು ಹೊಟ್ಟೆಯ ಮೇಲಿಟ್ಟು ಕಿವಿಗೊಟ್ಟರು. ಕೂಸಿನ ಎದೆಬಡಿತವಿತ್ತು, ಆದರೆ ನಡುನಡುವೆ ಕುಸಿಯುತ್ತಿತ್ತು. "ಇನ್ನು ಕಾಯೋಕಾಗಲ್ಲ ಸ್ವಾಮೀಜಿ. ಈಗಲೇ ನೋವು ಬರಿಸಬೇಕು."

"ಆದರ ಅಮಾಸಿ, ಅಜ್ಜಾರ..." ದುಂಡವ್ವ ಮತ್ತೆ ಕೈಮುಗಿದಳು.

"ಅಮಾಸಿ ಮುಗಿಲಾಗೈತಿ ದುಂಡವ್ವ. ಹೊಟ್ಯಾಗಿಲ್ಲ."

ಪೂಜ್ಯರು ಗೂಟದಲ್ಲಿದ್ದ ಜೋಳಿಗೆಯನ್ನು ತಂದು ಅವಳ ಮುಂದೆ ಒಡ್ಡಿದರು. "ದೋಷ ಏನಿದ್ರೂ ಇದರಾಗ ಹಾಕು. ನಾ ಹೊರತೀನಿ."

ಆ ತಾಯಿ ಮಗಳ ಅಂಗೈಯಲ್ಲಿ ಉಳಿದಿದ್ದ ಎಂಟು ಬೀಜಗಳನ್ನು ಜೋಳಿಗೆಗೆ ಹಾಕಿದಳು. ಜೀಪು ಹೊರಟಿತು.

ದಾರಿಯಲ್ಲಿ ಡಾಕ್ಟರು ಶಿವಲೀಲಾಳನ್ನು ಕೇಳಿದರು, "ಮಗು ಆಡೋದು ಯಾವಾಗಿಂದ ಕಡಿಮೆ ಆಗಿದೆಯಮ್ಮ?"

"ನಿನ್ನಿಯಿಂದನರಿ. ನಿಮಗ ಹೇಳಬೇಕಂತ ಬಾಯಿ ತೆಗದಿದ್ದೆ. ನೀವು ಅವ್ವಗ ಬೈಯಾಕತ್ತಿದ್ರಿ."

ನಾಚಿಕೆಯಿಂದ ಡಾಕ್ಟರ ಮುಖ ಸುಟ್ಟಂತಾಯಿತು.

ಆಸ್ಪತ್ರೆಯಲ್ಲಿ ನೀರಿನ ಚೀಲ ಒಡೆದಾಗ ನೀರು ಹಸಿರಾಗಿತ್ತು. ಕೂಸು ಒಳಗೇ ಮಲ ಹಾಕಿತ್ತು. ಡ್ರಿಪ್ ಹಚ್ಚಿದರು. ಅಂದು ಡಾಕ್ಟರು ಊಟಕ್ಕೂ ಏಳದೆ ಮಂಚದ ಪಕ್ಕದಲ್ಲೇ ನಳಿಗೆ ಹಿಡಿದು ಕುಳಿತಿದ್ದರು. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಅಳಲಿಲ್ಲ. ಬಾಯಿ ಸ್ವಚ್ಛ ಮಾಡಿ, ಬೆನ್ನು ತಿಕ್ಕಿ, ಉಸಿರು ಕೊಟ್ಟರು. ಆ ಒಂದು ನಿಮಿಷದಲ್ಲಿ ದೇವರನ್ನು ನಂಬದ ಡಾಕ್ಟರು ಯಾರನ್ನು ನೆನೆದರೋ ಅವರಿಗೇ ಗೊತ್ತು. ಕೊನೆಗೆ ಆಸ್ಪತ್ರೆ ಹಾರಿಹೋಗುವಂತೆ ಕೂಸು ಅತ್ತಿತು. ದುಂಡವ್ವ ಅಮಾವಾಸ್ಯೆಯನ್ನು ಮರೆತೇಬಿಟ್ಟು ಮೊಮ್ಮಗಳನ್ನು ಎದೆಗವಚಿಕೊಂಡಳು.

ವಾರ ಕಳೆದ ಮೇಲೆ ಡಾಕ್ಟರು ಮತ್ತೆ ಮಠಕ್ಕೆ ಬಂದರು. ಈ ಸಲ ಸಿಟ್ಟಿರಲಿಲ್ಲ, ಕುತೂಹಲ ಮಾತ್ರ ಇತ್ತು. "ಈ ಲೆಕ್ಕ ನಿಮಗೆ ಯಾರು ಹೇಳಿಕೊಟ್ಟರು?"

ಪೂಜ್ಯರು ಬೀಜ ಬಿಡಿಸುತ್ತಲೇ ಹೇಳಿದರು. "ಮೂವತ್ತು ವರ್ಷದ ಹಿಂದ ಒಬ್ಬಾಕಿ ಬಂದಿದ್ಲು, ದಿನ ಮೀರಿದಾಕಿ. ಮೂರು ದಿನ ತಡೀರಿ, ಚಲೋ ನಕ್ಷತ್ರ ಐತಿ ಅಂದವ ನಾನ. ಕೂಸು ಮಿಸುಕವಲ್ದು ಅಂದ್ಲು. ಮಲಗಿರಬೇಕು ಅಂದೆ. ಚಲೋ ನಕ್ಷತ್ರದಾಗ ಹುಟ್ಟಿತು. ಉಸಿರಿರಲಿಲ್ಲ." ಮತ್ತೆ ಅಂದರು, "ಪಂಚಾಂಗ ಕೇಳಿದೆ ತಾಯಿ. ಕೂಸು ಹೊತ್ತಾಕಿನ್ನ ಕೇಳಲಿಲ್ಲ."

"ನಾನೂ ಕೇಳಲಿಲ್ಲ, ಅಜ್ಜಾ" ಎಂದರು ಡಾಕ್ಟರು. ಅಲ್ಲಿಯವರೆಗೆ ಸ್ವಾಮೀಜಿ ಎನ್ನುತ್ತಿದ್ದವರು ಅಂದು ಮೊದಲ ಸಲ ಅಜ್ಜಾ ಎಂದರು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

ಪೂಜ್ಯರು ಒಂದು ಹಿಡಿ ಬೀಜ ಕೊಟ್ಟರು. ಡಾಕ್ಟರು ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಹೋದರು.

ನಿವೃತ್ತರಾಗುವ ದಿನದವರೆಗೂ ಅವರ ಮೇಜಿನ ಮೇಲೆ ಆ ಬೀಜಗಳ ಬಟ್ಟಲು ಇರುತ್ತಿತ್ತು. ಯಾವ ಗರ್ಭಿಣಿ ಬಂದರೂ ತೂಕ ನೋಡುವ ಮೊದಲು, ರಕ್ತದೊತ್ತಡ ನೋಡುವ ಮೊದಲು, ಹಾಸನದ ಡಾಕ್ಟರು ಆ ಸೀಮೆಯ ಮಾತಿನಲ್ಲೇ "ಕೂಸು ಏನಂತೈತವ್ವ?" ಎಂದು ಕೇಳುತ್ತಿದ್ದರು. ಉತ್ತರ ಬರುವವರೆಗೆ ಬೇರೆ ಮಾತಾಡುತ್ತಿರಲಿಲ್ಲ.